ಸೀನಿಗೊಂದು ಮುನ್ಸೂಚನೆ

ಮುಂಗಾರಿನ ನಾಲ್ಕು ಮಳೆ ಬಿದ್ದ ಮೇಲೆ ಬೆಂಗಳೂರಿನ ಖಾಲಿ ಸೈಟುಗಳ ಕಡೆ ಕಣ್ಣು ಹಾಯಿಸಬೇಕು. ಏಪ್ರಿಲ್‌ನಲ್ಲಿ ಕೆಂಪು ಮಣ್ಣು, ಇಟ್ಟಿಗೆ ಚೂರು ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ ಸೀಳುಸೀಳು ಎಲೆಯ ಗಿಡ ಮೊಣಕಾಲೆತ್ತರಕ್ಕೆ ಎದ್ದು ನಿಂತಿರುತ್ತದೆ. ಇನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಅದರ ನೆತ್ತಿಯ ತುಂಬ ಪುಟಾಣಿ ಬಿಳಿ ಹೂ. ಪುಸ್ತಕದಲ್ಲಿ ಅದು ಪಾರ್ಥೇನಿಯಂ ಹಿಸ್ಟರೊಫೋರಸ್, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಊರಿನ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಗೂ ಮೊದಲೇ ಸಾಲುಸಾಲು ಸೀನು, ಕಣ್ಣು ನವೆ, ಮೂಗು ಸೋರುವುದು ಶುರುವಾಗುತ್ತದೆ. ಬೆಂಗಳೂರಿನ ಹವೆ ಆಗಿಬರುವುದಿಲ್ಲ ಎಂಬ ಮಾತು ಹೊಸಬರು ಹಳಬರೆನ್ನದೆ ಎಲ್ಲರ ಬಾಯಲ್ಲೂ ಇದೆ.

ಆ ಹವೆಯೊಳಗೆ ಏನಿದೆ? ನಾಳೆ ಮಧ್ಯಾಹ್ನ ಮಳೆ ಬರುವ ಸಾಧ್ಯತೆ ಎಷ್ಟು ಎಂದು ಫೋನು ಹೇಳುತ್ತದೆ. ಉಷ್ಣಾಂಶ ಹೇಳುತ್ತದೆ, ವಾಯು ಗುಣಮಟ್ಟದ ಸೂಚ್ಯಂಕವನ್ನೂ ಹೇಳುತ್ತದೆ. ಮೂಗಿನ ಅಲರ್ಜಿ ಇದ್ದವರಿಗೆ ಬೇಕಾದ ಸಂಗತಿ ಬೇರೆ: ಇವತ್ತು ಈ ಬಡಾವಣೆಯ ಗಾಳಿಯಲ್ಲಿ ಯಾವ ಗಿಡದ ಪರಾಗ ಎಷ್ಟಿದೆ, ನಾಳೆ ಎಷ್ಟಿರುತ್ತದೆ. ಸಾಫ್ಟ್‌ವೇರ್ ಊರಿನಲ್ಲಿ ಈ ಕೊರತೆ ಕಂಡವರಿಗೆ ಮೊದಲು ಹೊಳೆಯುವುದು ಇದಕ್ಕೊಂದು ವೆಬ್ ಆ್ಯಪ್ ಮಾಡಿಬಿಡೋಣ ಎಂಬುದೇ. ಬಳಕೆದಾರ ಇರುವ ಜಾಗ ಕೇಳುವುದು, ಎಲ್ಲಿಂದಲೋ ಪರಾಗದ ಅಂಕಿ ತರುವುದು, ಅದನ್ನು ಹಸಿರು–ಹಳದಿ–ಕೆಂಪು ಬಣ್ಣಕ್ಕೆ ಇಳಿಸಿ ತೋರಿಸುವುದು. ಶನಿವಾರ ಶುರು ಮಾಡಿದರೆ ಭಾನುವಾರ ರಾತ್ರಿಗೆ ಮುಗಿಯುವ ಕೆಲಸ ಅನ್ನಿಸುತ್ತದೆ.

ಮೂರರಲ್ಲಿ ಮೊದಲನೆಯದು ಮತ್ತು ಕೊನೆಯದು ನಿಜಕ್ಕೂ ಸುಲಭ. ನಡುವಿನದರಲ್ಲೇ ಒಂದೂವರೆ ಶತಮಾನದ ವಿಜ್ಞಾನ ಅಡಗಿದೆ.

ಬರ್ಲಿನ್‌ಗೆ ಅಂಕಿ, ಬೆಂಗಳೂರಿಗೆ ಖಾಲಿ

ಆ್ಯಪ್ ಕಟ್ಟಲು ಹೊರಟವರು ಮೊದಲು ಹುಡುಕುವುದು ಎಪಿಐಯನ್ನು, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಬಾಗಿಲನ್ನು. ಓಪನ್-ಮೀಟಿಯೊ ಎಂಬ ಸೇವೆಯಲ್ಲಿ ಅಂಥದ್ದೊಂದು ಉಚಿತವಾಗಿ ಸಿಗುತ್ತದೆ. ಅಕ್ಷಾಂಶ, ರೇಖಾಂಶ ಕೊಟ್ಟರೆ ಗಂಟೆಗಂಟೆಯ ಹವಾಮಾನ ಕೊಡುತ್ತದೆ. ಅದರ ವಾಯು ಗುಣಮಟ್ಟದ ವಿಭಾಗದಲ್ಲಿ ಆರು ಬಗೆಯ ಪರಾಗದ ಅಂದಾಜೂ ಇದೆ: ಆಲ್ಡರ್, ಬರ್ಚ್, ಹುಲ್ಲು, ಮಗ್‌ವರ್ಟ್, ಆಲಿವ್, ರ‍್ಯಾಗ್‌ವೀಡ್. ಈ ಅಂಕಿಗಳ ಮೂಲ ಯುರೋಪಿನ ಕೋಪರ್ನಿಕಸ್ ವಾಯುಮಂಡಲ ನಿಗಾ ಸೇವೆ. ಮೇ ತಿಂಗಳಲ್ಲಿ ಬರ್ಲಿನ್‌ನ 52.52, 13.41 ಕೊಟ್ಟರೆ ಸಂಖ್ಯೆಗಳ ಸಾಲು ಬರುತ್ತದೆ. ಬೆಂಗಳೂರಿನ 12.97, 77.59 ಕೊಟ್ಟರೆ ಪರಾಗದ ಸಾಲಿನುದ್ದಕ್ಕೂ ಬರುವುದು ‘ನಲ್’. ಆ ಜಾಗಕ್ಕೆ ಮೌಲ್ಯವೇ ಇಲ್ಲ ಎಂದು ಕಂಪ್ಯೂಟರ್ ಹೇಳುವ ಬಗೆ ಅದು. ಆ ಪರಾಗದ ಮುನ್ಸೂಚನೆ ಯುರೋಪಿಗೆ ಸೀಮಿತ ಎಂದು ಸೇವೆಯವರೇ ಸ್ಪಷ್ಟವಾಗಿ ತಿಳಿಸಿದ್ದಾರೆ.

ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ವೆಬ್ ಆ್ಯಪ್‌ಗಳ ಮಾತೃಭಾಷೆ ಎನ್ನಬಹುದಾದ ಜಾವಾಸ್ಕ್ರಿಪ್ಟ್‌ನಲ್ಲಿ ನಲ್ ಒಂದು ಸಂಖ್ಯೆಗಿಂತ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿದರೆ ಭಾಷೆ ತಕರಾರು ಎತ್ತುವುದಿಲ್ಲ. ಸದ್ದಿಲ್ಲದೆ ಅದನ್ನು ಸೊನ್ನೆಯಾಗಿ ಮಾರ್ಪಡಿಸಿಕೊಂಡು ಹೋಲಿಸುತ್ತದೆ. ‘ಮೌಲ್ಯ ಹತ್ತಕ್ಕಿಂತ ಕಡಿಮೆ ಇದ್ದರೆ ಹಸಿರು ತೋರಿಸು’ ಎಂದು ಕೋಡ್‌ನಲ್ಲಿ ಬರೆದಿದ್ದರೆ, ನಲ್ ಬಂದಾಗ ಅದು ಸೊನ್ನೆಯಾಗುತ್ತದೆ, ಸೊನ್ನೆ ಹತ್ತಕ್ಕಿಂತ ಕಡಿಮೆ, ಪರದೆಯ ಮೇಲೆ ಹಸಿರು ವೃತ್ತ ಮೂಡುತ್ತದೆ. ಪಕ್ಕದಲ್ಲಿ ‘ಇಂದು ಪರಾಗ ಕಡಿಮೆ’ ಎಂಬ ಬರಹ. ಎಲ್ಲೂ ಎರರ್ ಇಲ್ಲ, ಪರೀಕ್ಷೆಗಳೆಲ್ಲ ಪಾಸು. ಉಬ್ಬಸದ ಮಗುವಿರುವ ತಾಯಿಯೊಬ್ಬರು ಅದನ್ನು ನೋಡಿ ಮಗುವನ್ನು ಪಾರ್ಕಿಗೆ ಕರೆದೊಯ್ಯಬಹುದು. ಪಾರ್ಕಿನ ಬೇಲಿಗುಂಟ ಪಾರ್ಥೇನಿಯಂ ಹೂಬಿಟ್ಟು ನಿಂತಿರಬಹುದು.

ಕೋಡ್ ಸರಿಪಡಿಸುವುದಕ್ಕೆ ಒಂದು ಸಾಲು ಸಾಕು. ಹೋಲಿಸುವ ಮೊದಲು ಮೌಲ್ಯ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬೂದುಬಣ್ಣದಲ್ಲಿ ‘ಮಾಹಿತಿ ಇಲ್ಲ’ ಎಂದು ತೋರಿಸಿದರಾಯಿತು. ಆದರೆ ಬರ್ಲಿನ್‌ಗೆ ಇರುವ ಅಂಕಿ ಬೆಂಗಳೂರಿಗೆ ಯಾಕಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಬೇಕಿದ್ದರೆ ಸರ್ವರ್ ಬಿಟ್ಟು ಯಾವುದಾದರೂ ಕಟ್ಟಡದ ತಾರಸಿ ಹತ್ತಬೇಕು.

ಗಂಟೆಗೆ ಎರಡು ಮಿಲಿಮೀಟರ್

ಇಂಗ್ಲೆಂಡಿನಲ್ಲಿ ಬೇಸಿಗೆಗೆ ಬರುವ ಇಂಥ ನೆಗಡಿಯನ್ನು ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ 1819ರಲ್ಲೇ ವಿವರಿಸಿದ್ದ. ತನಗೇ ಇದ್ದ ಕಾಯಿಲೆಯನ್ನು ಆತ ಬರೆದಿಟ್ಟಿದ್ದ. ಕಾರಣ ಮಾತ್ರ ಗೊತ್ತಿರಲಿಲ್ಲ. ಬಿಸಿಲು, ಧೂಳು, ಹೊಸ ಹುಲ್ಲಿನ ವಾಸನೆ ಎಂದೆಲ್ಲ ಜನ ಊಹಿಸುತ್ತಿದ್ದರು. ಅದೇ ಕಾಯಿಲೆಯಿಂದ ನರಳುತ್ತಿದ್ದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಹ್ಯಾರಿಸನ್ ಬ್ಲ್ಯಾಕ್ಲಿ ಊಹೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದ. ಗಾಜಿನ ಪಟ್ಟಿಗೆ ಅಂಟು ಬಳಿದು ಗಾಳಿಗೆ ಒಡ್ಡಿ, ಅಂಟಿಕೊಂಡ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ. ಮೇಲಿನ ಗಾಳಿಯಲ್ಲಿ ಏನಿದೆ ಎಂದು ನೋಡಲು ಗಾಳಿಪಟಕ್ಕೆ ಗಾಜು ಕಟ್ಟಿ ಹಾರಿಸಿದ. ತನ್ನ ಚರ್ಮವನ್ನೇ ಗೀರಿ ಪರಾಗ ಹಚ್ಚಿ ದದ್ದು ಏಳುವುದನ್ನು ದಾಖಲಿಸಿದ. 1873ರಲ್ಲಿ ಅವನ ಪುಸ್ತಕ ಬಂತು. ಹುಲ್ಲಿನ ಪರಾಗ ಎಷ್ಟಿದೆಯೋ ಸೀನು ಅಷ್ಟು ಎಂಬ ಲೆಕ್ಕಾಚಾರಕ್ಕೆ ಅದು ಬುನಾದಿ ಹಾಕಿತು.

ಇಂದಿಗೂ ಜಗತ್ತಿನ ಬಹುಪಾಲು ಪರಾಗ ಕೇಂದ್ರಗಳು ನೆಚ್ಚಿಕೊಂಡಿರುವ ಯಂತ್ರ ಬಂದದ್ದು 1952ರಲ್ಲಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಸಸ್ಯರೋಗ ತಜ್ಞ ಜೆ.ಎಂ. ಹರ್ಸ್ಟ್ ಅದನ್ನು ರೂಪಿಸಿದ್ದು ಬೆಳೆಗೆ ರೋಗ ತರುವ ಶಿಲೀಂಧ್ರದ ಬೀಜಕಣ ಹಿಡಿಯಲಿಕ್ಕೆ. ಕೆಲಸ ಮಾಡುವ ರೀತಿ ಸರಳ. ಪುಟ್ಟ ಪಂಪೊಂದು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು 14 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಸೀಳಿನ ಮೂಲಕ ಒಳಗೆಳೆಯುತ್ತದೆ. ಸೀಳಿನ ಹಿಂದೆ ಅಂಟು ಬಳಿದ ಪಾರದರ್ಶಕ ಟೇಪ್ ಸುತ್ತಿದ ಉರುಳೆ. ಗಡಿಯಾರದ ಯಂತ್ರಕ್ಕೆ ಜೋಡಿಸಿದ ಆ ಉರುಳೆ ಗಂಟೆಗೆ 2 ಮಿ.ಮೀ. ತಿರುಗುತ್ತದೆ. ಗಾಳಿ ಪಕ್ಕಕ್ಕೆ ಸರಿದು ಹೋಗುತ್ತದೆ, ಅದರಷ್ಟು ಬೇಗ ತಿರುಗಲಾರದ ಭಾರದ ಕಣಗಳು ಟೇಪಿಗೆ ಬಡಿದು ಅಂಟಿಕೊಳ್ಳುತ್ತವೆ. ಯಂತ್ರದ ತಲೆ ಗಾಳಿ ಬೀಸುವ ಕಡೆಗೆ ತಾನೇ ತಿರುಗುವಂತೆ ಹಿಂದೊಂದು ರೆಕ್ಕೆ ಇರುತ್ತದೆ. ಏಳು ದಿನಕ್ಕೊಮ್ಮೆ ಯಾರಾದರೂ ತಾರಸಿ ಹತ್ತಿ ಉರುಳೆ ಬದಲಿಸಬೇಕು.

ಆಮೇಲಿನದು ಕಣ್ಣಿನ ಕೆಲಸ. ಒಂದು ದಿನಕ್ಕೆ 48 ಮಿ.ಮೀ.ನಂತೆ ಟೇಪನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟು ಫ್ಯೂಕ್ಸಿನ್ ಎಂಬ ಬಣ್ಣ ಹಾಕುತ್ತಾರೆ. ಪರಾಗಕಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಧೂಳು ತಿರುಗುವುದಿಲ್ಲ. 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ತಜ್ಞರೊಬ್ಬರು ಸಾಲು ಹಿಡಿದು ನೋಡುತ್ತ ಹೋಗುತ್ತಾರೆ: ನಯವಾದ ಗುಂಡು, ಒಂದೇ ರಂಧ್ರ, ಇದು ಹುಲ್ಲು, ಮೈತುಂಬ ಗಿಡ್ಡ ಮುಳ್ಳು, ಇದು ಸೂರ್ಯಕಾಂತಿಯ ಕುಟುಂಬದ್ದು, ಪಾರ್ಥೇನಿಯಂ ಇರಬೇಕು. ಇಡೀ ಪಟ್ಟಿ ಎಣಿಸಲು ಪುರುಸೊತ್ತಿಲ್ಲದ ಕಾರಣ ಒಂದು ಪಾಲನ್ನು ಎಣಿಸಿ ಗುಣಿಸುತ್ತಾರೆ. ನಿಮಿಷಕ್ಕೆ 10 ಲೀಟರ್ ಎಂದರೆ ದಿನಕ್ಕೆ 14,400 ಲೀಟರ್, ಅಂದರೆ 14.4 ಘನ ಮೀಟರ್ ಗಾಳಿ. ಅರ್ಧ ಮಿ.ಮೀ. ಅಗಲದ ನಾಲ್ಕು ಸಾಲು ಎಣಿಸಿದರೆ 14 ಮಿ.ಮೀ. ಅಗಲದ ಏಳನೇ ಒಂದು ಪಾಲು ನೋಡಿದಂತಾಯಿತು. ಆ ಲೆಕ್ಕದಲ್ಲಿ ಕಣ್ಣಿಗೆ ಬಿದ್ದ ಒಂದೊಂದು ಕಣವೂ ಘನ ಮೀಟರಿಗೆ ಸುಮಾರು ಅರ್ಧ ಕಣಕ್ಕೆ ಸಮ. ಕಣ್ಣು ತಪ್ಪಿ ಹತ್ತು ಕಣ ಬಿಟ್ಟುಹೋದರೆ ವರದಿಯಲ್ಲಿ ಐದು ಕಡಿಮೆಯಾಗುತ್ತದೆ.

ಯುರೋಪಿನುದ್ದಕ್ಕೂ ಇಂಥ ನೂರಾರು ಕೇಂದ್ರಗಳಲ್ಲಿ ದಶಕಗಟ್ಟಲೆ ನಡೆದ ಎಣಿಕೆಯೇ ಆ ಎಪಿಐಯ ಅಡಿಪಾಯ. ಬರ್ಲಿನ್‌ನ ಅಂಕಿಯ ಹಿಂದೆ ಹೀಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಒಡ್ಡಿ ಕೂತ ಮಂದಿ ಇದ್ದಾರೆ. ಬೆಂಗಳೂರಿನ ನಲ್ ಅಂಥ ಎಣಿಕೆಯ ಸರಣಿ ಇಲ್ಲ ಎಂಬುದನ್ನು ಹೇಳುತ್ತಿದೆ.

ಇಪ್ಪತ್ತೈದು ಅಂದರೆ ಎಷ್ಟು?

ಅಂಕಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಘನ ಮೀಟರಿಗೆ 25 ಹುಲ್ಲಿನ ಪರಾಗಕಣ. ಪರದೆಯ ಮೇಲೆ ಇದು ಯಾವ ಬಣ್ಣವಾಗಬೇಕು?

ಬ್ರಿಟನ್ನಿನಲ್ಲಿ ಹುಲ್ಲಿನ ಪರಾಗ 30ರವರೆಗೆ ‘ಕಡಿಮೆ’, 50 ದಾಟಿದರೆ ‘ಹೆಚ್ಚು’, 150 ದಾಟಿದರೆ ‘ಅತಿ ಹೆಚ್ಚು’. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 20ರಿಂದ 49 ‘ಮಧ್ಯಮ’, 100 ದಾಟಿದರೆ ‘ವಿಪರೀತ’. ಅಮೆರಿಕದ ರಾಷ್ಟ್ರೀಯ ಅಲರ್ಜಿ ಬ್ಯೂರೋ ಪ್ರಕಾರ 20 ದಾಟಿದರೆ ಆಗಲೇ ‘ಹೆಚ್ಚು’. ಒಂದೇ 25, ಲಂಡನ್ನಿನಲ್ಲಿ ಕಡಿಮೆ, ಮೆಲ್ಬರ್ನ್‌ನಲ್ಲಿ ಮಧ್ಯಮ, ಅಮೆರಿಕದಲ್ಲಿ ಹೆಚ್ಚು. ಇದರಲ್ಲಿ ಯಾರದೂ ತಪ್ಪಿಲ್ಲ. ಅಮೆರಿಕದ ಪಟ್ಟಿ ತನ್ನ ಕೇಂದ್ರಗಳಲ್ಲಿ ದಾಖಲಾದ ಅಂಕಿಗಳನ್ನೇ ಏರಿಕೆಯ ಕ್ರಮದಲ್ಲಿಟ್ಟು ಈ ಊರುಗಳಲ್ಲಿ ಇದು ಹೆಚ್ಚು, ಇದು ಕಡಿಮೆ ಎಂದು ಭಾಗ ಮಾಡಿದ್ದು. ಬೇರೆ ಕಡೆಗಳಲ್ಲಿ ರೋಗಿಗಳ ತೊಂದರೆಯನ್ನು ಮುಂದಿಟ್ಟುಕೊಂಡು ಗೆರೆ ಎಳೆದಿದ್ದಾರೆ. ಯಾವ ಹುಲ್ಲು, ಎಂಥ ಜನ, ಎಷ್ಟು ದಿನದ ಋತು ಎನ್ನುವುದರ ಮೇಲೆ ಗೆರೆ ಸರಿಯುತ್ತದೆ. ಈ ಮೂರು ದೇಶಗಳ ಪಟ್ಟಿಗಳಲ್ಲಿ ಒಂದನ್ನು ನಕಲು ಮಾಡಿ ಬೆಂಗಳೂರಿನ ಆ್ಯಪ್‌ಗೆ ಅಂಟಿಸಿದರೆ ಬಣ್ಣ ಬರುತ್ತದೆ, ಅರ್ಥ ಬರುವುದಿಲ್ಲ.

ಮನುಷ್ಯರ ಮೈಯೂ ಒಂದೇ ರೀತಿ ಇರುವುದಿಲ್ಲ. ಪರಾಗದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದ ದೇಹ ಐಜಿಇ ಎಂಬ ಪ್ರತಿಕಾಯ ತಯಾರಿಸಿ ಮೂಗು, ಕಣ್ಣು, ಶ್ವಾಸನಾಳದ ಮಾಸ್ಟ್ ಕೋಶಗಳ ಮೇಲೆ ಕೂರಿಸುತ್ತದೆ. 1960ರ ದಶಕದ ಕೊನೆಯಲ್ಲಿ ಈ ಪ್ರತಿಕಾಯವನ್ನು ಪತ್ತೆ ಹಚ್ಚಿದ್ದು ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನಿಶ್. ಅದೇ ಪರಾಗ ಮತ್ತೆ ಬಂದು ತಗುಲಿದಾಗ ಆ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ, ನಿಮಿಷಗಳೊಳಗೆ ಸೀನು. ಒಬ್ಬರ ಐಜಿಇ ಪಾರ್ಥೇನಿಯಂಗೆ, ಇನ್ನೊಬ್ಬರದು ಹುಲ್ಲಿಗೆ, ಮತ್ತೊಬ್ಬರದು ಮನೆಯೊಳಗಿನ ಧೂಳುನುಸಿಗೆ. ಎಲ್ಲ ಪರಾಗವನ್ನೂ ಕೂಡಿಸಿ ಒಂದೇ ಅಂಕಿ ಕೊಡುವ ಆ್ಯಪ್ ಈ ಮೂವರಿಗೂ ಒಂದೇ ಉತ್ತರ ಕೊಡುತ್ತದೆ. ಗಿಡಕ್ಕೊಂದು ಸಾಲು ಇರಲೇಬೇಕಾದದ್ದು ಈ ಕಾರಣಕ್ಕೆ.

ಆರೋಪಿ ಯಾರು?

ಬೆಂಗಳೂರಿನ ಪಟ್ಟಿಯಲ್ಲಿ ಯಾವ ಗಿಡಗಳು ಬರಬೇಕು? ಬೇಸಿಗೆಯಲ್ಲಿ ರಸ್ತೆಯುದ್ದಕ್ಕೂ ಗುಲಾಬಿ ಟಬೂಬಿಯಾ, ನೇರಳೆ ಜಕರಾಂಡ, ಕೆಂಪು ಗುಲ್‌ಮೊಹರ್ ಅರಳಿದಾಗ ಸೀನುವವರೆಲ್ಲ ಬೊಟ್ಟು ಮಾಡುವುದು ಅವುಗಳ ಕಡೆಗೆ. ಕಣ್ಣಿಗೆ ಬೀಳುವ ಹೂವಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಅಷ್ಟು ಚೆಂದದ ಹೂ ಬಿಡುವ ಮರ ತನ್ನ ಪರಾಗ ಸಾಗಿಸಲು ದುಂಬಿಯನ್ನೋ ಹಕ್ಕಿಯನ್ನೋ ಕರೆಯುತ್ತಿದೆ. ಅದರ ಪರಾಗ ಭಾರ, ಅಂಟಂಟು. ಗಾಳಿಯಲ್ಲಿ ಹೆಚ್ಚು ದೂರ ತೇಲುವಂಥದ್ದಲ್ಲ. ಗಾಳಿಯನ್ನೇ ನಂಬಿದ ಗಿಡಗಳಿಗೆ ಬಣ್ಣ, ಮಕರಂದದ ಹಂಗಿಲ್ಲ. ಹಗುರವಾದ ಪರಾಗವನ್ನು ಲಕ್ಷಗಟ್ಟಲೆ ಗಾಳಿಗೆ ಬಿಡುತ್ತವೆ: ಹುಲ್ಲುಗಳು, ಸರ್ವೆ, ಹರಳು, ದಂಟಿನ ಜಾತಿಯ ಕಳೆಗಳು. ಇವುಗಳ ಹೂವನ್ನು ದಾರಿಹೋಕರು ಗಮನಿಸುವುದೂ ಇಲ್ಲ.

ಬೆಂಗಳೂರಿನ ಗಾಳಿಯನ್ನು ಯಾರೂ ಎಣಿಸಿಯೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಸ್.ಎನ್. ಅಗಶೆ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲೇ ಇಲ್ಲಿನ ಗಾಳಿಯ ಪರಾಗವನ್ನು ಹಿಡಿದು, ಮಳೆ, ತೇವ, ಉಷ್ಣಾಂಶದ ಜೊತೆ ತಾಳೆ ಹಾಕಿದ್ದರು. ಪಾರ್ಥೇನಿಯಂ, ಹುಲ್ಲು, ಸರ್ವೆ, ನೀಲಗಿರಿ, ಹರಳು ಅವರ ಪಟ್ಟಿಯಲ್ಲಿದ್ದವು. 1991ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಶ್ರೀರಾಮರಾವ್, ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳ ಮೇಲೆ ಚರ್ಮದ ಚುಚ್ಚುಪರೀಕ್ಷೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೂಗಿನ ಅಲರ್ಜಿ ಇದ್ದವರಲ್ಲಿ ಶೇ. 34, ಉಬ್ಬಸ ಇದ್ದವರಲ್ಲಿ ಶೇ. 12 ಮಂದಿಯ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಊದಿಕೊಂಡಿತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ, ಅಮೆರಿಕ ಖಂಡ ಮೂಲದ ಈ ಕಳೆ, ನಾಲ್ಕು ದಶಕದೊಳಗೆ ಬೆಂಗಳೂರಿನ ಮೂಗಿನ ದೊಡ್ಡ ವೈರಿಗಳಲ್ಲಿ ಒಂದಾಗಿತ್ತು. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ಊರಿನಲ್ಲಿ ವಾಯು ಗುಣಮಟ್ಟ ಅಳೆಯುವ ಕೇಂದ್ರಗಳಿವೆಯಲ್ಲ, ಅವುಗಳ ಅಂಕಿಯನ್ನೇ ಬಳಸಿದರೆ ಆಗದೇ ಎಂಬ ಯೋಚನೆಯೂ ಬರುತ್ತದೆ. ಆಗುವುದಿಲ್ಲ. ಭಾರತದ ವಾಯು ಗುಣಮಟ್ಟ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಪರಾಗ ಅದರಲ್ಲಿಲ್ಲ. ಪಿಎಂ 10 ಎಂದರೆ 10 ಮೈಕ್ರಾನ್‌ವರೆಗಿನ ಕಣ. ಹುಲ್ಲಿನ ಪರಾಗಕಣ 30–40 ಮೈಕ್ರಾನ್ ಅಗಲ. ಮಾಪಕದ ಬಾಯಲ್ಲೇ ಅದನ್ನು ಬೇರ್ಪಡಿಸಿ ಹೊರಗಿಡುತ್ತಾರೆ. ಸೂಚ್ಯಂಕ ಚೆನ್ನಾಗಿದ್ದ ದಿನವೂ ಗಾಳಿಯ ತುಂಬ ಪರಾಗ ಇರಬಹುದು. ಹಾಗೆಂದು ಹೊಗೆಯನ್ನು ಮರೆಯುವಂತಿಲ್ಲ, ಡೀಸೆಲ್ ಹೊಗೆ ಶ್ವಾಸನಾಳವನ್ನು ಕೆರಳಿಸಿ ಅಲರ್ಜಿಯನ್ನು ಹೆಚ್ಚಿಸುತ್ತದೆ. ಒಳ್ಳೆಯ ಆ್ಯಪ್ ಎರಡನ್ನೂ ತೋರಿಸುತ್ತದೆ, ಬೇರೆ ಬೇರೆಯಾಗಿ.

ಇಂದಿನಿಂದ ನಾಳೆಗೆ

ಎಣಿಕೆ ಎಷ್ಟೇ ಚೆನ್ನಾಗಿದ್ದರೂ ಅದು ನಿನ್ನೆಯದು. ಅಲರ್ಜಿ ಇರುವವರಿಗೆ ಬೇಕಾದದ್ದು ನಾಳೆಯದು, ಸಾಧ್ಯವಾದರೆ ಮುಂದಿನ ವಾರದ್ದು. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಪೂರ್ತಿ ಕೆಲಸ ಮಾಡಲು ಹಲವು ದಿನ ಬೇಕು. ಋತು ಶುರುವಾಗುವ ಮೊದಲೇ ಆರಂಭಿಸಿ ಎಂದು ವೈದ್ಯರು ಹೇಳುವುದು ಅದಕ್ಕೇ.

ಕೋಪರ್ನಿಕಸ್ ಸೇವೆಯ ಕಂಪ್ಯೂಟರ್ ಮಾದರಿಗಳು, ಉದಾಹರಣೆಗೆ ಫಿನ್ಲೆಂಡಿನ ಹವಾಮಾನ ಸಂಸ್ಥೆಯ ಸಿಲಾಮ್, ಎರಡು ಹಂತದಲ್ಲಿ ಯೋಚಿಸುತ್ತವೆ. ಚಳಿಗಾಲ ಕಳೆದ ಮೇಲೆ ದಿನದಿನದ ಬಿಸಿಯನ್ನು ಕೂಡಿಸುತ್ತ ಹೋಗಿ, ಮೊತ್ತ ಒಂದು ಮಟ್ಟ ಮುಟ್ಟಿದಾಗ ಬರ್ಚ್ ಮರ ಹೂಬಿಟ್ಟಿತು ಎಂದು ಲೆಕ್ಕ ಹಾಕುತ್ತವೆ. ಬಳಿಕ ಗಾಳಿ ಆ ಪರಾಗವನ್ನು ಎಲ್ಲಿಗೆ ಒಯ್ಯುತ್ತದೆ, ಮಳೆ ಎಷ್ಟನ್ನು ತೊಳೆದು ಕೆಳಗಿಳಿಸುತ್ತದೆ ಎಂದು ಸುಮಾರು 10 ಕಿ.ಮೀ. ಚೌಕಗಳಲ್ಲಿ ಲೆಕ್ಕ ಮಾಡಿ ನಾಲ್ಕು ದಿನದ ಮುನ್ಸೂಚನೆ ಕೊಡುತ್ತವೆ.

ಈ ಸೂತ್ರದ ಎರಡನೆಯ ಭಾಗ ಬೆಂಗಳೂರಿಗೂ ಸಲ್ಲುತ್ತದೆ, ಮೊದಲನೆಯದು ಸಲ್ಲುವುದಿಲ್ಲ. ಇಲ್ಲಿ ಪಾರ್ಥೇನಿಯಂ ಬಿಸಿಗಾಗಿ ಕಾಯುವುದಿಲ್ಲ, ನೀರಿಗಾಗಿ ಕಾಯುತ್ತದೆ. ಮಳೆ ಬಿದ್ದರೆ ಮೊಳೆತು ಒಂದರಿಂದ ಎರಡು ತಿಂಗಳೊಳಗೆ ಹೂಬಿಡುತ್ತದೆ. ತೇವ ಇದ್ದಲ್ಲಿ ವರ್ಷವಿಡೀ ಹೂಬಿಡುವುದೂ ಉಂಟು. ಹಾಗಾಗಿ ಇಲ್ಲಿನ ಮಾದರಿ ಕಳೆದ ಆರೆಂಟು ವಾರಗಳ ಮಳೆಯನ್ನು ಕೂಡಿಸಿ ಗಿಡ ಯಾವ ಹಂತದಲ್ಲಿದೆ ಎಂದು ಊಹಿಸಬೇಕು. ಅದರ ಮೇಲೆ ನಾಳೆಯ ಗಾಳಿ, ಬಿಸಿಲು, ಮಳೆಯನ್ನು ಹೇರಬೇಕು. ಒಣಗಾಳಿ ಬೀಸುವ ದಿನ ಪರಾಗ ಏರುತ್ತದೆ, ಜೋರು ಮಳೆ ಸುರಿದ ಮೇಲೆ ಇಳಿಯುತ್ತದೆ. ಗಿಡ ನಿಜವಾಗಿ ಹೂಬಿಟ್ಟಿದೆಯೇ ಎಂದು ನೋಡಿ ಹೇಳಲು ಜನರೇ ನೆರವಾಗಬಹುದು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ನಡೆಸುವ ‘ಸೀಸನ್‌ವಾಚ್’ ಯೋಜನೆಯಲ್ಲಿ ಶಾಲಾಮಕ್ಕಳೂ ಆಸಕ್ತರೂ ಒಂದೊಂದು ಮರವನ್ನು ನಿಯಮಿತವಾಗಿ ಗಮನಿಸಿ ಎಲೆ, ಹೂ, ಕಾಯಿಯ ಸ್ಥಿತಿಯನ್ನು ದಾಖಲಿಸುತ್ತಿದ್ದಾರೆ. ಅದೇ ಬಗೆಯಲ್ಲಿ ಕಳೆಗಿಡಗಳನ್ನೂ ಗಮನಿಸಿದರೆ ಮಾದರಿಗೆ ಕಣ್ಣು ಬಂದಂತೆ.

ಮಾದರಿ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಒಂದು ಕಟ್ಟುನಿಟ್ಟಾದ ಪರೀಕ್ಷೆ ಇದೆ. ‘ನಾಳೆಯೂ ಇಂದಿನಷ್ಟೇ’ ಎನ್ನುವ ಮುನ್ಸೂಚನೆಗೆ ಯಾವ ಜಾಣತನವೂ ಬೇಡ. ಆದರೂ ಬಹಳಷ್ಟು ದಿನ ಅದು ಸರಿಯಾಗಿರುತ್ತದೆ. ಯಂತ್ರಕಲಿಕೆಯ ದೊಡ್ಡ ಮಾದರಿಯೂ ಅದನ್ನು ಸೋಲಿಸಲೇಬೇಕು, ಅದರಲ್ಲೂ ಪರಾಗ ದಿಢೀರನೆ ಏರುವ ದಿನಗಳಲ್ಲಿ. ಆ ಸ್ಪರ್ಧೆಯ ತೀರ್ಪು ಕೊಡಬೇಕಾದ್ದು ತಾರಸಿಯ ಮೇಲಿನ ನಿಜವಾದ ಎಣಿಕೆ. ಎಣಿಕೆಯೇ ಇಲ್ಲದ ಊರಿನಲ್ಲಿ ಮುನ್ಸೂಚನೆ ಎಷ್ಟು ತಪ್ಪಿದೆ ಎಂದು ತಿಳಿಯುವ ದಾರಿಯೂ ಇರುವುದಿಲ್ಲ.

ಮೆಲ್ಬರ್ನ್‌ನ ಒಂದು ಸಂಜೆ

ಎಚ್ಚರಿಕೆ ಸಿಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2016ರ ನವೆಂಬರ್ 21ರ ಮೆಲ್ಬರ್ನ್ ಸಾಕ್ಷಿ. ಹಗಲು 35 ಡಿಗ್ರಿ ಬಿಸಿಲು, ಗಾಳಿಯಲ್ಲಿ ರೈ ಹುಲ್ಲಿನ ಪರಾಗ ತುಂಬಿತ್ತು. ಸಂಜೆ ಗುಡುಗುಮಳೆಯ ಮುಂಗಾಳಿ ಊರಿನ ಮೇಲೆ ಹಾದುಹೋಯಿತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು, ಆಂಬುಲೆನ್ಸ್‌ಗಳು ಸಾಲಲಿಲ್ಲ. ಹತ್ತು ಮಂದಿ ತೀರಿಕೊಂಡರು.

ಹುಲ್ಲಿನ ಇಡೀ ಪರಾಗಕಣ ಶ್ವಾಸಕೋಶದ ಆಳಕ್ಕೆ ಇಳಿಯಲಾರದಷ್ಟು ದೊಡ್ಡದು, ಮೂಗಿನಲ್ಲೇ ತಡೆಯುತ್ತದೆ. ಆದರೆ ನೀರು ಹೀರಿದಾಗ ಅದು ಒಡೆದು ನೂರಾರು ಪಿಷ್ಟದ ಹರಳುಗಳನ್ನು ಚೆಲ್ಲುತ್ತದೆ ಎಂದು ಮೆಲ್ಬರ್ನ್‌ನ ವಿಜ್ಞಾನಿಗಳು 1992ರಲ್ಲೇ ತೋರಿಸಿದ್ದರು. 3 ಮೈಕ್ರಾನ್‌ಗಿಂತ ಚಿಕ್ಕದಾದ ಆ ಹರಳುಗಳು ಅಲರ್ಜಿಯ ಪ್ರೋಟೀನನ್ನು ಹೊತ್ತು ನೇರ ಶ್ವಾಸನಾಳದ ಆಳಕ್ಕೆ ಇಳಿಯುತ್ತವೆ. ಮೋಡ ಮೇಲಕ್ಕೆ ಎಳೆದುಕೊಂಡ ಪರಾಗ ಒಡೆದು, ತಣ್ಣನೆಯ ಗಾಳಿಯೊಂದಿಗೆ ಕೆಳಗಿಳಿದು, ನೆಲದ ಮಟ್ಟದಲ್ಲಿ ಹರಡಿತು ಎನ್ನುವುದು ಇದಕ್ಕೆ ಹೆಚ್ಚಾಗಿ ಕೊಡುವ ವಿವರಣೆ. ಆಸ್ಪತ್ರೆಗೆ ಬಂದವರಲ್ಲಿ ಅನೇಕರಿಗೆ ಹಿಂದೆಂದೂ ಉಬ್ಬಸ ಇರಲಿಲ್ಲ, ಇದ್ದದ್ದು ಬರೀ ಮೂಗಿನ ಅಲರ್ಜಿ. ಭಾರತ ಮತ್ತು ಏಷ್ಯಾದ ಇತರ ದೇಶಗಳ ಮೂಲದವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಹೆಚ್ಚಾಗಿ ತುತ್ತಾಗಿದ್ದರು. ಮೆಲ್ಬರ್ನ್‌ಗೆ ಹೊಸದಾಗಿ ಹೋಗುವ ಕನ್ನಡಿಗರು ತಿಳಿದಿರಲೇಬೇಕಾದ ಸಂಗತಿ ಇದು.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ ಮರುವರ್ಷವೇ ಮುನ್ಸೂಚನಾ ವ್ಯವಸ್ಥೆ ತಂದಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೂರು ದಿನ ಮುಂಚಿತವಾಗಿ, ಜಿಲ್ಲೆವಾರು, ಮೂರು ಬಣ್ಣಗಳಲ್ಲಿ. ಪರಾಗ ಎಣಿಸುವ ಕೇಂದ್ರಗಳು, ಹವಾಮಾನ ಇಲಾಖೆ, ಆರೋಗ್ಯ ಇಲಾಖೆ ಒಟ್ಟಿಗೆ ಕೂತು ಇದನ್ನು ನಡೆಸುತ್ತವೆ, ತುರ್ತು ಎಚ್ಚರಿಕೆಯ ಆ್ಯಪ್ ಅದನ್ನು ಜನರ ಕೈಗೆ ತಲುಪಿಸುತ್ತದೆ. ಪರದೆಯ ಮೇಲೆ ಕಾಣುವುದು ಒಂದು ಬಣ್ಣದ ಪಟ್ಟಿ. ಅದರ ಹಿಂದೆ ಈ ಮೂರೂ ಕಡೆಯವರ ದಿನನಿತ್ಯದ ದುಡಿಮೆಯಿದೆ.

ಪರದೆಯ ಮೇಲೆ

ಇಷ್ಟೆಲ್ಲ ಗೊತ್ತಾದ ಮೇಲೆ ಆ್ಯಪ್‌ನ ವಿನ್ಯಾಸವೇ ಬದಲಾಗುತ್ತದೆ. ಬ್ರೌಸರ್ ಬಳಕೆದಾರರ ಒಪ್ಪಿಗೆ ಕೇಳದೆ ಅವರಿರುವ ಜಾಗ ಹೇಳುವುದಿಲ್ಲ. ಒಪ್ಪಿಗೆ ಸಿಕ್ಕಾಗ ಮನೆಯ ಬಾಗಿಲವರೆಗಿನ ನಿಖರತೆಯಲ್ಲಿ ಹೇಳಬಲ್ಲದು. 10 ಕಿ.ಮೀ. ಚೌಕದ ಮುನ್ಸೂಚನೆಗೆ ಅಷ್ಟು ನಿಖರತೆ ಬೇಕಿಲ್ಲ. ಅಕ್ಷಾಂಶವನ್ನು ದಶಮಾಂಶದ ಒಂದು ಸ್ಥಾನಕ್ಕೆ ಇಳಿಸಿದರೆ ಸುಮಾರು 11 ಕಿ.ಮೀ. ಆಗುತ್ತದೆ, ಅಷ್ಟೇ ಸಾಕು. ಯಾರ ಮನೆಯಲ್ಲಿ ಯಾರಿಗೆ ಉಬ್ಬಸ ಎಂಬ ಮಾಹಿತಿ ಸರ್ವರ್ ಸೇರುವುದೇ ಇಲ್ಲ. ದಿನಕ್ಕೊಮ್ಮೆ ಬದಲಾಗುವ ಮುನ್ಸೂಚನೆಯನ್ನು ಪ್ರತಿ ಬಳಕೆದಾರರಿಗಾಗಿ ಮತ್ತೆಮತ್ತೆ ತರಿಸುವ ಅಗತ್ಯವೂ ಇಲ್ಲ. ಬೆಳಗಿನ ಜಾವ ಒಮ್ಮೆ ತಂದು ಡೇಟಾಬೇಸಿನಲ್ಲಿಟ್ಟರೆ ಎಲ್ಲರಿಗೂ ಅದನ್ನೇ ಬಡಿಸಬಹುದು.

ಗಡಿಯಾರದ ವಿಷಯದಲ್ಲೂ ಎಚ್ಚರ ಬೇಕು. ಹವಾಮಾನದ ಅಂಕಿಗಳು ಸಾಮಾನ್ಯವಾಗಿ ಗ್ರೀನಿಚ್ ಕಾಲದಲ್ಲಿ ಬರುತ್ತವೆ. ಅಲ್ಲಿ ನಡುರಾತ್ರಿ ಆದಾಗ ಇಲ್ಲಿ ಬೆಳಗಿನ 5.30. ಹಾಗೇ ದಿನದ ಸರಾಸರಿ ತೆಗೆದರೆ ಬೆಂಗಳೂರಿನ ಒಂದು ದಿನ ಬೆಳಗಿನ ವಾಕಿಂಗ್ ಹೊತ್ತಿಗೆ ಎರಡು ತುಂಡಾಗುತ್ತದೆ.

ಬಳಕೆದಾರರಿಂದ ಸೀನು, ಕಣ್ಣು ನವೆ, ಉಸಿರಾಟದ ದಾಖಲೆ ಪಡೆಯುವ ದಿನಚರಿಯೂ ಉಪಯುಕ್ತ. ಅಲರ್ಜಿ ತಜ್ಞರ ಬಳಿ ಹೋದಾಗ ಮೂರು ತಿಂಗಳ ದಿನಚರಿ ಕೈಯಲ್ಲಿದ್ದರೆ ಯಾವ ಚುಚ್ಚುಪರೀಕ್ಷೆ ಮಾಡಬೇಕು ಎಂದು ಅವರಿಗೆ ಬೇಗ ಹೊಳೆಯುತ್ತದೆ. ಆದರೆ ಆರಾಮಾಗಿದ್ದವರು ದಿನಚರಿ ತೆರೆಯುವುದಿಲ್ಲ, ಮಳೆಗಾಲದ ವೈರಸ್ ನೆಗಡಿಯೂ ಅದರಲ್ಲೇ ಸೇರಿಕೊಳ್ಳುತ್ತದೆ. ಸೀನಿನ ವರದಿಗಳನ್ನು ಕೂಡಿಸಿ ‘ಪರಾಗದ ಮಟ್ಟ’ ಎಂದು ತೋರಿಸುವಂತಿಲ್ಲ. ಅದು ಸೀನಿನ ನಕ್ಷೆ. ಹಾಗೆಂದೇ ಹೆಸರಿಟ್ಟು ಪಕ್ಕದಲ್ಲಿಡಬೇಕು.

ಜಗತ್ತಿನಲ್ಲಿ ಈ ಕೆಲಸ ಈಗ ಎತ್ತ ಸಾಗುತ್ತಿದೆ ಎನ್ನುವುದಕ್ಕೆ ಸ್ವಿಟ್ಜರ್ಲೆಂಡ್ ಮಾದರಿ. ಅಲ್ಲಿನ ಹವಾಮಾನ ಇಲಾಖೆ 2023ರಿಂದ ಸ್ವಯಂಚಾಲಿತ ಯಂತ್ರಗಳ ದೇಶವ್ಯಾಪಿ ಜಾಲ ನಡೆಸುತ್ತಿದೆ. ಹಾರಿಬರುವ ಒಂದೊಂದು ಕಣಕ್ಕೂ ಲೇಸರ್ ಹಾಯಿಸಿ, ಎರಡು ಕೋನದಿಂದ ಹೊಲೋಗ್ರಾಫಿಕ್ ಚಿತ್ರ ತೆಗೆದು, ಯಾವ ಗಿಡದ್ದು ಎಂದು ಯಂತ್ರಕಲಿಕೆಯಿಂದ ಗುರುತಿಸಿ, ಗಂಟೆಗೊಮ್ಮೆ ಅಂಕಿ ಪ್ರಕಟಿಸುತ್ತದೆ. ಆದರೆ ಆ ಯಂತ್ರಕ್ಕೆ ಬರ್ಚ್ ಯಾವುದು, ಹುಲ್ಲು ಯಾವುದು ಎಂದು ಮೊದಲು ಕಲಿಸಿದವರು ಪರಾಗ ಬಲ್ಲ ಮನುಷ್ಯರೇ. ಪಾರ್ಥೇನಿಯಂ, ಹರಳು, ಸರ್ವೆಯನ್ನು ಅದಕ್ಕೆ ಕಲಿಸಬೇಕಿದ್ದರೆ ಅವುಗಳ ಪರಾಗವನ್ನು ಇಲ್ಲಿಂದಲೇ ಒಯ್ಯಬೇಕು. ಭಾರತದಲ್ಲಿ ಚಂಡೀಗಢ ಒಂದು ದಾರಿ ತೋರಿಸಿದೆ. ಅಲ್ಲಿನ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಾಳಿಯ ಪರಾಗ ಎಣಿಸಿ, ಯಾವ ತಿಂಗಳಲ್ಲಿ ಯಾವ ಗಿಡದ್ದು ಎಂಬ ಪರಾಗ ಪಂಚಾಂಗವನ್ನು 2022ರಲ್ಲಿ ಪ್ರಕಟಿಸಿದರು.

ಬೆಂಗಳೂರಿನ ಆ್ಯಪ್‌ನ ಮೊದಲ ಆವೃತ್ತಿ ಇಂಥ ಪಂಚಾಂಗದಿಂದಲೇ ಶುರುವಾಗಬಹುದು. ಹಳೆಯ ಅಧ್ಯಯನಗಳಿಂದ ತಿಂಗಳವಾರು ಪಟ್ಟಿ, ಕಳೆದ ಆರು ವಾರದ ಮಳೆ, ನಾಳೆಯ ಗಾಳಿ, ಹತ್ತಿರದ ಕೇಂದ್ರದ ಪಿಎಂ 2.5, ಮತ್ತು ಗಿಡಕ್ಕೊಂದು ಸಾಲಿನಂತೆ ‘ಹೂಬಿಡುವ ಕಾಲ’ ಅಥವಾ ‘ಕಾಲವಲ್ಲ’ ಎಂಬ ಸೂಚನೆ. ಘನ ಮೀಟರಿಗೆ ಎಷ್ಟು ಎನ್ನುವ ಜಾಗ ಸದ್ಯಕ್ಕೆ ಬೂದುಬಣ್ಣದಲ್ಲೇ ಇರಲಿ. ಎರಡನೆಯ ಆವೃತ್ತಿಗೆ ಬೇಕಾದದ್ದು ಕಾಲೇಜೊಂದರ ತಾರಸಿ, ಒಂದು ಹರ್ಸ್ಟ್ ಯಂತ್ರ, ವಾರಕ್ಕೊಮ್ಮೆ ಉರುಳೆ ಬದಲಿಸುವ ಒಬ್ಬರು ವಿದ್ಯಾರ್ಥಿ, ಪರಾಗ ಗುರುತಿಸಬಲ್ಲ ಒಬ್ಬರು ಸಸ್ಯವಿಜ್ಞಾನಿ, ಮತ್ತು ಎಣಿಕೆ ನಡುವೆ ನಿಲ್ಲದಂತೆ ಕೆಲವು ವರ್ಷಗಳ ಅನುದಾನ.